ಸದ್ದು ಮಾಡುವ ಚೆಂಡು: ಮುಂಬಯಿಯಲ್ಲಿ ಅಂಧರ ಕ್ರಿಕೆಟ್ ತಂಡ ಸೇರಿದ ಅನುಭವ

ಹೋದ ಭಾನುವಾರ ಅಂಧರ ಕ್ರಿಕೆಟ್ಟಿನಲ್ಲಿ ನನ್ನ ಮೊದಲ ಪೂರ್ತಿ ಪಂದ್ಯ ಆಡಿ ಬಂದೆ. ಮೊಣಕಾಲಿನ ಗಾಯ ಇನ್ನೂ ಒಣಗಿಲ್ಲ. ಅದು ಒಣಗುವ ಮೊದಲೇ ಎಲ್ಲ ಬರೆದಿಡೋಣ ಅನ್ನಿಸಿತು. ಇಲ್ಲಿಗೆ ಬಂದು ಮುಟ್ಟಲು ವರ್ಷಗಳೇ ಹಿಡಿದವು. ಅದರಲ್ಲಿ ಆಟ ಕಲಿಯಲು ಹೋದದ್ದು ಸ್ವಲ್ಪ, ಉಳಿದದ್ದೆಲ್ಲ ಕಾಗದಪತ್ರ, ಸರದಿ, ಮತ್ತು ಯಾರನ್ನು ಕೇಳಬೇಕು ಅಂತಲೇ ಗೊತ್ತಿಲ್ಲದೆ ಸುಮ್ನೆ ಮನೆಯಲ್ಲಿ ಕೂತದ್ದು. ಮುಂಬಯಿಯಲ್ಲಿ ನಮ್ಮ ಕಡೆಯವರು ಇಷ್ಟೊಂದು ಜನ ಇದ್ದೇವೆ, ಕಣ್ಣಿನ ತೊಂದರೆ ಇರುವವರೂ ಇದ್ದಾರೆ, ಆದರೆ ಇದನ್ನು ಕನ್ನಡದಲ್ಲಿ ಕೂರಿಸಿ ಹೇಳಿದವರು ನನಗೆ ಒಬ್ಬರೂ ಸಿಗಲಿಲ್ಲ. ಮೊಬೈಲಿಗೆ ಮಾತಾಡಿ ಬರೆಸುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಬೈಗುಳ ಅದಕ್ಕೆ ಕೊಡಿ.

ನನ್ನದು ಕಾರ್ಕಳದ ಕಡೆ. ಹತ್ತನೇ ಕ್ಲಾಸು ಮುಗಿಸಿ ಚೆಂಬೂರಿನಲ್ಲಿ ಮಾವನ ಹೋಟೆಲಿಗೆ ಬಂದವನು. ಮೊದಲು ಟೇಬಲ್, ಆಮೇಲೆ ಗಲ್ಲಾ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹಿಂದಿನ ಗಲ್ಲಿಯಲ್ಲಿ ಅಂಡರ್‌ಆರ್ಮ್ ಕ್ರಿಕೆಟ್. ಮುಂಬಯಿಯಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಾಗ ಕಡಿಮೆ, ಕಿಟಕಿ ಗಾಜು ಜಾಸ್ತಿ, ಹಾಗಾಗಿ ಕೈ ಕೆಳಗಿನಿಂದಲೇ ಬೌಲಿಂಗ್. ಭಾನುವಾರ ಟೆನಿಸ್ ಬಾಲಿನ ಪಂದ್ಯ. ವರ್ಷಕ್ಕೊಮ್ಮೆ ನಮ್ಮ ಊರಿನವರ ಸಂಘಗಳ ಪಂದ್ಯಾಟ. ನಾನು ಓಪನಿಂಗ್ ಬ್ಯಾಟ್ಸ್‌ಮನ್. ಕವರ್ ಡ್ರೈವ್ ಚೆನ್ನಾಗಿತ್ತು ಅಂತ ನಾನೇ ಹೇಳಿಕೊಂಡರೆ ನಗುತ್ತೀರಿ, ಆದರೂ ಹೇಳುತ್ತೇನೆ.

ಮೊದಲು ಕೈಬಿಟ್ಟದ್ದು ಸಂಜೆಯ ಕ್ಯಾಚುಗಳು. ಆರು ಗಂಟೆಯ ಮೇಲೆ ಮೇಲಕ್ಕೆ ಹೋದ ಚೆಂಡು ಎಲ್ಲಿ ಇಳಿಯುತ್ತದೆ ಅಂತಲೇ ತಿಳಿಯುತ್ತಿರಲಿಲ್ಲ. ಆಮೇಲೆ ಹೋಟೆಲಿನಲ್ಲಿ ನೆಲದ ಮೇಲಿಟ್ಟ ಬಕೆಟ್ಟಿಗೆ ಕಾಲು, ಸಿನಿಮಾ ಟಾಕೀಸಿನಲ್ಲಿ ಯಾರದೋ ತೊಡೆಯ ಮೇಲೆ ಕೂತದ್ದು, ಹೀಗೆ. ಹುಡುಗರು ತಮಾಷೆ ಮಾಡಿದರು. ನಾನೂ ನಕ್ಕೆ. ಅಮ್ಮ ಊರಿನಿಂದ ಫೋನಿನಲ್ಲಿ ‘ನಿನ್ನ ಅಜ್ಜನಿಗೂ ಇರುಳುಗುರುಡು ಇತ್ತು’ ಅಂದಾಗ ಮಾತ್ರ ಹೊಟ್ಟೆಯಲ್ಲಿ ಏನೋ ಆಯಿತು.

ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು, ಒಳಗೆ ಬೆಳಕು ಹಾಯಿಸಿ ನೋಡಿ, ಮೊದಲು ಕೇಳಿದ ಪ್ರಶ್ನೆ: ‘ನಿಮ್ಮ ತಂದೆತಾಯಿ ಸಂಬಂಧಿಕರೇ?’ ಹೌದು, ಅಪ್ಪನಿಗೆ ಅಮ್ಮ ಸೋದರಮಾವನ ಮಗಳು. ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಎಲ್ಲರೂ ಆರ್‌ಪಿ ಅನ್ನುತ್ತಾರೆ. ವಂಶವಾಹಿಯಿಂದ ಬರುವುದು. ಕಣ್ಣಿನ ಹಿಂದಿನ ಪರದೆಯಲ್ಲಿ ಮಬ್ಬು ಬೆಳಕಿಗೆ ಬೇಕಾದ ಕೋಶಗಳು ಮೊದಲು ಸಾಯುತ್ತವೆ, ಅದಕ್ಕೇ ರಾತ್ರಿ ಕಾಣುವುದಿಲ್ಲ. ಆಮೇಲೆ ಅಂಚಿನ ನೋಟ ಹೋಗುತ್ತದೆ. ನಡುವೆ ಸ್ವಲ್ಪ ಉಳಿಯುತ್ತದೆ, ಕೊಳವೆಯಿಂದ ನೋಡಿದ ಹಾಗೆ. ಅದೂ ಎಷ್ಟು ದಿನ ಅಂತ ಯಾರೂ ಬರೆದುಕೊಡುವುದಿಲ್ಲ. ಅಮ್ಮನಿಗೆ ಈ ಸಂಬಂಧದ ವಿಷಯ ಹೇಳಬಾರದಿತ್ತು ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅಮ್ಮ ಆ ವರ್ಷ ಹೊತ್ತ ಹರಕೆಗಳನ್ನು ನಾವು ಈಗಲೂ ತೀರಿಸುತ್ತಿದ್ದೇವೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆರ್‌ಪಿ ಅಂತ ಗೊತ್ತಾದ ಮರುದಿನದಿಂದ ‘ಗುಣವಾಗುತ್ತದೆ’ ಅನ್ನುವವರು ಸಾಲಾಗಿ ಬರುತ್ತಾರೆ. ಎಣ್ಣೆ, ಹನಿ, ಸೂಜಿ, ಎಲೆ ಕಟ್ಟುವುದು. ನಾನು ಒಂದು ಕಡೆ ದಾಖಲಾಗಿ ಮಲಗಿ ಬಂದೆ. ಹೆಂಡತಿಯ ಒಂದು ಜೊತೆ ಬಳೆ ಅಲ್ಲಿಗೆ ಹೋಯಿತು. ನನ್ನ ಡಾಕ್ಟರು ಹೇಳಿದ್ದು ಇಷ್ಟು: 2017ರಲ್ಲಿ ಅಮೆರಿಕದಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದೆ, ಆದರೆ ಅದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷ ಇರುವವರಿಗೆ, ಆರ್‌ಪಿಗೆ ಕಾರಣವಾಗುವ ಜೀನುಗಳು ಹತ್ತಾರು ಇವೆ. ನನ್ನದು ಅದಲ್ಲ. ದುಡ್ಡು ಕೊಡುವ ಮೊದಲು ‘ಯಾವ ಜೀನಿಗೆ?’ ಅಂತ ಕೇಳಿ ನೋಡಿ, ಎದುರಿನವರು ಮಾತು ಬದಲಿಸುತ್ತಾರೆ.

ಕ್ರಿಕೆಟ್ ಬಿಟ್ಟದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ರಾತ್ರಿ ಪಂದ್ಯ ಬಿಟ್ಟೆ, ಆಮೇಲೆ ಫೀಲ್ಡಿಂಗ್. ಕೊನೆಗೊಮ್ಮೆ ಟೆನಿಸ್ ಬಾಲ್ ನೇರ ಹುಬ್ಬಿಗೆ ಬಡಿಯಿತು, ಅದು ಬಂದದ್ದೇ ಕಾಣಲಿಲ್ಲ. ಟೀಮಿನವರು ಒಳ್ಳೆಯವರು, ಸ್ಕೋರ್ ಬರೆಯುವ ಕೆಲಸ ಕೊಟ್ಟರು. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ ಬೌಂಡರಿಯ ಹೊರಗೆ ಕುರ್ಚಿಯಲ್ಲಿ ಕೂತು ಬೇರೆಯವರ ರನ್ ಬರೆಯುವುದು ಇದೆಯಲ್ಲ, ಅದಕ್ಕಿಂತ ಮನೆಯಲ್ಲಿರುವುದು ವಾಸಿ. ಸ್ವಲ್ಪ ದಿನದಲ್ಲಿ ಅದನ್ನೂ ಬಿಟ್ಟೆ. ಟಿವಿಯಲ್ಲಿ ಮ್ಯಾಚ್ ಬಂದರೆ ಚಾನೆಲ್ ಬದಲಿಸು ಅನ್ನುತ್ತಿದ್ದೆ. ಮನೆಯವರಿಗೆ ಅದು ಜಾಸ್ತಿ ಕಷ್ಟದ ಕಾಲ, ನನಗಿಂತ.

ಇನ್ನು ಕಾಗದದ ಕಥೆ.

ಆರ್‌ಪಿಯವರ ದೊಡ್ಡ ತಾಪತ್ರಯ ಏನೆಂದರೆ ನಾವು ಕುರುಡರ ಹಾಗೆ ಕಾಣುವುದಿಲ್ಲ. ಗಲ್ಲಾದಲ್ಲಿ ಕೂತು ಬಿಲ್ಲಿನ ಅಂಕಿ ಓದುತ್ತೇನೆ, ಎದ್ದು ನಿಂತರೆ ಪಕ್ಕದ ಸ್ಟೂಲಿಗೆ ಬಡಿದು ಬೀಳುತ್ತೇನೆ. ನೋಡಿದವರಿಗೆ ಇವನು ನಾಟಕ ಮಾಡುತ್ತಾನೆ ಅನ್ನಿಸುತ್ತದೆ. ಆಸ್ಪತ್ರೆಯ ಕೋಣೆಯಲ್ಲೂ ಅದೇ ಆಯಿತು.

ಅಂಗವಿಕಲರ ಗುರುತಿನ ಚೀಟಿಗೆ ಯುಡಿಐಡಿ ಅನ್ನುತ್ತಾರೆ. ಸ್ವಾವಲಂಬನ್ ಕಾರ್ಡ್ ಎಂಬ ಕೇಂದ್ರ ಸರ್ಕಾರದ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ಆಧಾರ್, ವಿಳಾಸದ ಪುರಾವೆ. ಅರ್ಜಿಗೆ ದುಡ್ಡಿಲ್ಲ. ಸೈಬರ್ ಕೆಫೆಯವರು ತುಂಬಿಕೊಡಲು ಕೇಳುವುದು ಬೇರೆ. ನನ್ನ ಮೊದಲ ಅಡ್ಡಿ ವಿಳಾಸ. ಇಷ್ಟು ವರ್ಷ ಮುಂಬಯಿಯಲ್ಲಿದ್ದರೂ ಆಧಾರ್ ಊರಿನದ್ದೇ. ನಮ್ಮವರಲ್ಲಿ ಎಷ್ಟು ಜನರದ್ದು ಹಾಗೆಯೇ ಇದೆ, ಅಲ್ವಾ? ಓಟು ಊರಿನಲ್ಲಿ, ರೇಷನ್ ಊರಿನಲ್ಲಿ, ಹೊಟ್ಟೆಪಾಡು ಇಲ್ಲಿ. ಉಡುಪಿ ಜಿಲ್ಲೆಯ ವಿಳಾಸ ನೋಡಿ ಕೌಂಟರಿನವರು ‘ಅಲ್ಲಿಗೇ ಹೋಗಿ’ ಅಂದರು. ಮನೆಯ ಬಾಡಿಗೆ ಕರಾರು ಹಿಡಿದುಕೊಂಡು ಆಧಾರ್ ವಿಳಾಸ ಬದಲಿಸಿ, ಅದು ಬಂದ ಮೇಲೆ ಮತ್ತೆ ಅರ್ಜಿ. ಇದರಲ್ಲೇ ಒಂದು ಮಳೆಗಾಲ ಮುಗಿಯಿತು. ಹಾಗಾಗಿ ಈ ದಾರಿಯಲ್ಲಿ ಬರುವವರು ಎಲ್ಲಕ್ಕಿಂತ ಮೊದಲು ಆಧಾರ್ ಸರಿಮಾಡಿಕೊಳ್ಳಿ, ಕಣ್ಣಿನ ವಿಷಯ ಆಮೇಲೆ.

ಎರಡನೇ ಅಡ್ಡಿ ತಪಾಸಣೆಯಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ವಾರದಲ್ಲಿ ಗೊತ್ತಾದ ದಿನ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ ಕೂರಬೇಕು. ನಮ್ಮ ಸರದಿ ಬಂದಾಗ ಮಧ್ಯಾಹ್ನ. ಗೋಡೆಯ ಮೇಲಿನ ಅಕ್ಷರ ಓದು ಅಂದರು. ಓದಿದೆ. ದೊಡ್ಡ ಸಾಲು, ನಡುವಿನ ಸಾಲು. ಅಲ್ಲಿದ್ದ ಡಾಕ್ಟರು ‘ದಿಸ್ತಂಯ್ ಕೀ ತುಲಾ’ ಅಂದು ಫೈಲ್ ಮುಚ್ಚಿದರು. ಕಾಣುತ್ತದಲ್ಲ ನಿನಗೆ, ಅಂತ. ನಾನು ಏನು ಹೇಳಲಿ? ಕಾಣುತ್ತದೆ, ನಿಜ. ಎದ್ದು ಹೊರಗೆ ಬರುವಾಗ ಬಾಗಿಲಿನ ಪಕ್ಕದ ಬೆಂಚಿಗೆ ಮುಗ್ಗರಿಸಿದೆ, ಅದನ್ನಾದರೂ ನೋಡಿದರೋ ಇಲ್ಲವೋ. ಆ ದಿನ ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲ. ಕಣ್ಣು ಹೋಗುತ್ತಿರುವುದು ಒಂದು ದುಃಖ, ಅದನ್ನು ಸಾಬೀತು ಮಾಡಬೇಕಾದದ್ದು ಬೇರೆಯೇ ಒಂದು.

2016ರ ಅಂಗವಿಕಲರ ಹಕ್ಕುಗಳ ಕಾನೂನನ್ನು ಓದಿ ಹೇಳಿದ್ದು ನಮ್ಮ ಹೋಟೆಲಿಗೆ ಊಟಕ್ಕೆ ಬರುವ ಒಬ್ಬ ವಕೀಲರು. ಅದರಲ್ಲಿ ಅಂಧತ್ವ ಅಂದರೆ ಪೂರ್ತಿ ಕಾಣದಿರುವುದು ಒಂದೇ ಅಲ್ಲ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ಇದ್ದರೆ (ಬೇರೆಯವರು 60 ಮೀಟರಿನಿಂದ ಓದುವುದನ್ನು ನಾವು 3 ಮೀಟರಿನಿಂದಲೂ ಓದಲಾರೆವು ಅಂತ), ಅಥವಾ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೂ ಅಂಧತ್ವವೇ. ಹರವು 40ರಿಂದ 10 ಡಿಗ್ರಿಯೊಳಗೆ ಇದ್ದರೆ ಮಂದದೃಷ್ಟಿ. ಗೋಡೆಯ ಚಾರ್ಟು ಈ ಹರವನ್ನು ಅಳೆಯುವುದೇ ಇಲ್ಲ. ಅದಕ್ಕೆ ಪೆರಿಮೆಟ್ರಿ, ಅಂದರೆ ಫೀಲ್ಡ್ ಟೆಸ್ಟ್ ಬೇಕು. ಗಲ್ಲ ಊರಿ ಕೂತು, ಬಟ್ಟಲಿನಂಥ ಯಂತ್ರದೊಳಗೆ ನಡುವಿನ ಚುಕ್ಕಿಯನ್ನೇ ನೋಡುತ್ತಾ, ಅಕ್ಕಪಕ್ಕ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ನನಗೆ ತುಂಬಾ ಹೊತ್ತು ಏನೂ ಮಿನುಗಲೇ ಇಲ್ಲ. ಯಂತ್ರ ಕೆಟ್ಟಿದೆಯಾ ಅಂತ ಕೇಳಿದೆ. ಕೆಟ್ಟಿರಲಿಲ್ಲ.

ಖಾಸಗಿಯಲ್ಲಿ ಮಾಡಿಸಿದ್ದಕ್ಕೆ ಸಾವಿರದ ಆಸುಪಾಸು ಆಯಿತು. ಆ ರಿಪೋರ್ಟು ಮೇಲೆ ಇಟ್ಟುಕೊಂಡು ಹೋದ ಮೇಲೆ ಇನ್ನೊಬ್ಬ ಡಾಕ್ಟರು ಒಂದೇ ನೋಟಕ್ಕೆ ಒಪ್ಪಿದರು, ಅವರಲ್ಲೂ ಇನ್ನೊಮ್ಮೆ ಅದೇ ಟೆಸ್ಟ್ ಮಾಡಿಸಿದರು. ಆರ್‌ಪಿ, ಗ್ಲಾಕೋಮಾದಂಥ ಅಂಚಿನ ನೋಟ ಹೋಗುವ ಕಾಯಿಲೆ ಇರುವವರು ದಯವಿಟ್ಟು ಎರಡೂ ಕಣ್ಣಿನ ಫೀಲ್ಡ್ ರಿಪೋರ್ಟು ಇಲ್ಲದೆ ಹೋಗಬೇಡಿ. ಕಾರ್ಡ್ ಅಂಚೆಯಲ್ಲಿ ಬಂತು. ಬಣ್ಣದಲ್ಲೇ ಗೊತ್ತಾಗುತ್ತದೆ: ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ನಡುವೆ ಹಳದಿ, 80 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ನೀಲಿ. ನನ್ನದು ನೀಲಿ. ಹೆಂಡತಿ ಜೋರಾಗಿ ಓದಿ ಹೇಳಿ, ಆಮೇಲೆ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಇಬ್ಬರೂ ಏನೂ ಅನ್ನಲಿಲ್ಲ.

ಬಿಳಿ ಕೋಲು ಹಿಡಿಯಲು ನಾನು ತಡಮಾಡಿದೆ. ಹೋಟೆಲ್ ಮಾಲೀಕರ ಅಳಿಯ ಕೋಲು ಹಿಡಿದು ಬರುವುದು ಹೇಗೆ ಅಂತ. ವರ್ಲಿಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಇದೆ, 1952ರಿಂದ ಇರುವ ಸಂಸ್ಥೆ, ಕೋಲು ಅಲ್ಲಿ ವಿಚಾರಿಸಿ. ಕೋಲು ತೆಗೆದುಕೊಂಡರೆ ಸಾಲದು, ಬಳಸುವುದನ್ನು ಯಾರಾದರೂ ಕಲಿಸಬೇಕು. ಎಡಗಾಲು ಮುಂದೆ ಹೋಗುವಾಗ ಕೋಲು ಬಲಕ್ಕೆ. ಕೇಳಲು ಸುಲಭ, ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಸಂಜೆ ಮಾಡಿ ನೋಡಿ.

ಆದರೆ ಕ್ರಿಕೆಟ್ ಸಿಕ್ಕಿದ್ದು ಈ ಕೋಲಿನಿಂದಲೇ. ಲೋಕಲ್ ರೈಲಿನಲ್ಲಿ ಅಂಗವಿಕಲರ ಡಬ್ಬಾ ನಿಲ್ಲುವ ಕಡೆ ಪ್ಲಾಟ್‌ಫಾರ್ಮಿನಲ್ಲಿ ಬೀಪ್ ಬೀಪ್ ಅಂತ ಸದ್ದು ಬರುತ್ತಿರುತ್ತದೆ, ಅಷ್ಟು ವರ್ಷ ಓಡಾಡಿದರೂ ಅದು ಯಾಕೆ ಅಂತ ನಾನು ಯೋಚಿಸಿರಲೇ ಇಲ್ಲ. ಒಂದು ದಿನ ಆ ಡಬ್ಬಾದಲ್ಲಿ ಕೂತು ಮೊಬೈಲ್ ಮುಖದ ಹತ್ತಿರ ಹಿಡಿದು ಮೆಸೇಜ್ ಓದುತ್ತಿದ್ದೆ. ಒಬ್ಬರು ಜಗಳಕ್ಕೇ ನಿಂತರು. ಕೋಲು ಹಿಡಿದು ಮೊಬೈಲ್ ನೋಡುತ್ತಾನೆ, ಸುಳ್ಳು ಕುರುಡ, ಇಳಿಸಿ ಇವನನ್ನು. ನಾನು ಕಾರ್ಡ್ ಹುಡುಕುತ್ತಿರುವಾಗ ಎದುರಿನ ಸೀಟಿನಿಂದ ಒಬ್ಬ, ಪೂರ್ತಿ ಕಣ್ಣಿಲ್ಲದವನು, ಮರಾಠಿಯಲ್ಲಿ ಹೇಳಿದ: ‘ಆರ್‌ಪಿ ಇರಬೇಕು, ನಮ್ಮ ಟೀಮಿನಲ್ಲೂ ಇಬ್ಬರಿದ್ದಾರೆ.’ ಯಾವ ಟೀಮು ಅಂತ ಕೇಳಿದೆ. ‘ಕ್ರಿಕೆಟ್’ ಅಂದ. ನಾನು ಇಳಿಯಬೇಕಾದ ಸ್ಟೇಷನ್ ದಾಟಿ ಹೋಯಿತು.

ಟಿವಿಯಲ್ಲಿ ಯಾವಾಗಲೋ ಕೇಳಿದ್ದೆ, ಅಂಧರಿಗೂ ವಿಶ್ವಕಪ್ ಇದೆ ಅಂತ. ಆದರೆ ಅದು ಹುಟ್ಟಿನಿಂದ ಕಾಣದವರಿಗೆ, ಚಿಕ್ಕಂದಿನಿಂದ ಅಂಧರ ಶಾಲೆಯಲ್ಲಿ ಕಲಿತವರಿಗೆ ಅಂದುಕೊಂಡಿದ್ದೆ. ಮೂವತ್ತು ದಾಟಿದ ಹೋಟೆಲಿನವನಿಗೆ ಅಲ್ಲ ಅಂತ. ಅವನು ನಂಬರ್ ಕೊಟ್ಟ. ಭಾನುವಾರ ಬಾ ಅಂದ.

ತಂಡಕ್ಕೆ ಸೇರುವ ಮೊದಲು ಮತ್ತೆ ಅಳತೆ. ಆಟಗಾರರನ್ನು ಬಿ1, ಬಿ2, ಬಿ3 ಅಂತ ವಿಂಗಡಿಸುತ್ತಾರೆ. ಬಿ1 ಅಂದರೆ ಏನೂ ಕಾಣದವರು. ಮಾತಿನಲ್ಲಿ ಹೇಳುವಾಗ ಬಿ2 ಅಂದರೆ ಮೂರು ಮೀಟರ್‌ವರೆಗೆ, ಬಿ3 ಅಂದರೆ ಆರು ಮೀಟರ್‌ವರೆಗೆ ಕಾಣುವವರು ಅನ್ನುತ್ತಾರೆ. ಕಾಗದದಲ್ಲಿ ಇಲ್ಲೂ ನೋಟದ ಹರವಿಗೆ ಲೆಕ್ಕ ಇದೆ: ಅಂಧರ ಕ್ರೀಡೆಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 10 ಡಿಗ್ರಿಗಿಂತ ಕಡಿಮೆ ವ್ಯಾಸ ಬಿ2, 40ಕ್ಕಿಂತ ಕಡಿಮೆ ಬಿ3. ನಾನು ಬಿ2. ಆಸ್ಪತ್ರೆಯಲ್ಲಿ ತೋರಿಸಿದ ಅದೇ ರಿಪೋರ್ಟು ಇಲ್ಲೂ ಕೆಲಸಕ್ಕೆ ಬಂತು, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತಮಾಷೆ ಏನು ಗೊತ್ತಾ? ಕಾನೂನಿಗೆ ನಾನು ಅಂಧ, ಕ್ರಿಕೆಟ್ಟಿಗೆ ಅರ್ಧ ಅಂಧ, ರೈಲ್ವೆಗೆ ಅಂಧನೇ ಅಲ್ಲ. ಅವರ ರಿಯಾಯಿತಿ ನಿಯಮದಲ್ಲಿ ದೃಷ್ಟಿ ಪೂರ್ತಿ ಇಲ್ಲದವರು ಅಂತ ಇದೆ. ತಂಡದ ಬಿ1 ಹುಡುಗರಿಗೂ ಅವರ ಜೊತೆ ಬರುವ ಒಬ್ಬರಿಗೂ ಪಾಸಿನಲ್ಲಿ ಅರ್ಧ ಉಳಿಯುತ್ತದೆ, ನಾನು ಪೂರ್ತಿ ಕೊಡುತ್ತೇನೆ.

ಆಟಕ್ಕೆ ಬರೋಣ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಬಿ1 ಇರಲೇಬೇಕು, ಬಿ3 ನಾಲ್ವರಿಗಿಂತ ಜಾಸ್ತಿ ಇರುವಂತಿಲ್ಲ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಬಾಲ್ ಬೇರಿಂಗಿನ ಗುಂಡುಗಳು, ಉರುಳಿದರೆ ಗಲಗಲ ಸದ್ದು. ಸ್ಟಂಪು ಲೋಹದ್ದು, ಬಡಿದರೆ ಎಲ್ಲರಿಗೂ ಕೇಳಲಿ ಅಂತ. ಬೌಲಿಂಗ್ ಅಂಡರ್‌ಆರ್ಮ್! ಇದನ್ನು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಗಲ್ಲಿಯ ಆಟವೇ ಇದು, ನಾನು ರಾಜ ಅಂದುಕೊಂಡು ಕ್ರೀಸಿಗೆ ಹೋದೆ. ಬೌಲರ್ ‘ರೆಡಿ?’ ಅಂತ ಕೇಳಬೇಕು, ಬ್ಯಾಟ್ಸ್‌ಮನ್ ‘ಯೆಸ್’ ಅನ್ನಬೇಕು, ಚೆಂಡು ಬಿಡುವಾಗ ಬೌಲರ್ ‘ಪ್ಲೇ’ ಅನ್ನಬೇಕು. ಚೆಂಡು ಪಿಚ್ಚಿನ ಅರ್ಧ ದಾಟುವ ಮೊದಲೇ ನೆಲ ಮುಟ್ಟಬೇಕು. ಅಂದರೆ ಅದು ನಮ್ಮ ಹತ್ತಿರ ಬರುವಾಗ ನೆಲಕ್ಕೆ ಅಂಟಿಕೊಂಡೇ ಬರುತ್ತದೆ. ನಾನು ಬ್ಯಾಟ್ ಎತ್ತಿ ನಿಂತೆ. ಚೆಂಡು ಕೆಳಗಿನಿಂದ ತೂರಿ ಹೋಗಿ ಸ್ಟಂಪು ಠಣ್ ಅಂದಿತು. ಎಸೆದವನು ರೈಲಿನಲ್ಲಿ ಸಿಕ್ಕಿದ ಅದೇ ಬಿ1 ಹುಡುಗ. ಬೌಲಿಂಗಿಗೆ ಮೊದಲು ತನ್ನ ಕಡೆಯ ಸ್ಟಂಪನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡು, ಕೀಪರ್ ಚಪ್ಪಾಳೆ ತಟ್ಟಿದ ದಿಕ್ಕಿಗೆ ಎಸೆಯುತ್ತಾನೆ. ಗುರಿ ತಪ್ಪುವುದೇ ಕಡಿಮೆ.

ಕೋಚ್ ಹೇಳಿದ್ದು ‘ಡ್ರೈವ್ ಮರೆತುಬಿಡು, ಸ್ವೀಪ್ ಕಲಿ.’ ಒಂದು ಮೊಣಕಾಲು ನೆಲಕ್ಕೂರಿ, ಬ್ಯಾಟನ್ನು ಅಡ್ಡ ಮಲಗಿಸಿ, ಸದ್ದು ಬಂದ ಗೆರೆಯ ಮೇಲೆ ಬೀಸುವುದು. ಇಲ್ಲಿ ರನ್ನೆಲ್ಲ ಬರುವುದು ಅದರಿಂದಲೇ. ನನ್ನ ಕವರ್ ಡ್ರೈವಿಗೆ ಬೆಲೆಯೇ ಇಲ್ಲ.

ನನ್ನ ನಿಜವಾದ ತೊಂದರೆ ಬೇರೆ ಇತ್ತು. ನನಗೆ ನಡುವೆ ಒಂದು ಚೂರು ಕಾಣುತ್ತದಲ್ಲ, ಅದು ಬಿಡುವುದಿಲ್ಲ. ಚೆಂಡನ್ನು ಹುಡುಕುತ್ತದೆ. ಸದ್ದು ಲೆಗ್ ಸೈಡಿನಲ್ಲಿ ಬರುತ್ತಿದ್ದರೆ ಕಣ್ಣು ಆಫ್ ಸೈಡಿನಲ್ಲಿ ಬಿಳಿಯದ್ದೇನಾದರೂ ಇದೆಯಾ ಅಂತ ನೋಡುತ್ತಿರುತ್ತದೆ. ತಲೆ ಕಣ್ಣಿನ ಹಿಂದೆ ಹೋಗುತ್ತದೆ, ಕೈ ತಲೆಯ ಹಿಂದೆ. ಬಿ1 ಹುಡುಗರಿಗೆ ಈ ಜಗಳವೇ ಇಲ್ಲ. ಅವರು ತಲೆ ಸ್ವಲ್ಪ ಓರೆ ಮಾಡಿ, ಕಿವಿ ಕೊಟ್ಟು, ಹೊಡೆದೇ ಬಿಡುತ್ತಾರೆ. ಬಿ1 ಹೊಡೆದ ರನ್ನಿಗೆ ಎರಡು ಪಟ್ಟು ಲೆಕ್ಕ, ಓಡಲು ರನ್ನರ್ ಇರುತ್ತಾನೆ, ಫೀಲ್ಡಿಂಗಿನಲ್ಲಿ ಅವರು ಒಂದು ಪುಟ ಬಿದ್ದ ಚೆಂಡು ಹಿಡಿದರೂ ಔಟ್. ಇದನ್ನೆಲ್ಲ ನಾನು ಮೊದಲು ‘ಪಾಪ’ದ ನಿಯಮ ಅಂದುಕೊಂಡಿದ್ದೆ. ಅವರ ಎದುರು ಆಡಿದ ಮೇಲೆ ಆ ಯೋಚನೆ ಬಿಟ್ಟುಹೋಯಿತು, ಪಾಪ ಅನ್ನಬೇಕಾದದ್ದು ನನಗೆ. ಕೊನೆಗೆ ಕೋಚ್ ನನ್ನ ಕಣ್ಣಿಗೆ ಪಟ್ಟಿ ಕಟ್ಟಿ ಅಭ್ಯಾಸ ಮಾಡಿಸಿದರು, ವಾರಗಟ್ಟಲೆ. ಪಟ್ಟಿ ಕಟ್ಟಿದ ಮೊದಲ ದಿನ ನನಗೆ ಬೆವರು ಕಿತ್ತುಕೊಂಡಿತು. ಆಟಕ್ಕಲ್ಲ. ಇನ್ನು ಕೆಲವು ವರ್ಷಕ್ಕೆ ಹೀಗೇ ಇರುತ್ತದೆ ಅಂತ ಅಲ್ಲಿಯವರೆಗೆ ನಾನು ನಿಂತು ನೋಡಿರಲಿಲ್ಲ. ಪಕ್ಕಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತೆ. ಯಾರೂ ಏನೂ ಕೇಳಲಿಲ್ಲ, ಒಬ್ಬ ಬಂದು ನೀರಿನ ಬಾಟಲಿ ಕೈಗೆ ಇಟ್ಟು ಹೋದ. ಎದ್ದು ಮತ್ತೆ ಆಡಿದೆ. ಆ ದಿನವೇ ಮೊದಲ ಸಲ ಸ್ವೀಪ್ ಸರಿಯಾಗಿ ತಾಗಿತು, ಬ್ಯಾಟಿನ ನಡುವಿಗೆ. ಅದು ಎಲ್ಲಿಗೆ ಹೋಯಿತು ಅಂತ ಕಾಣಲಿಲ್ಲ, ಗಲಗಲ ದೂರ ಹೋದದ್ದು ಮಾತ್ರ ಕೇಳಿಸಿತು.

ಮುಂಬಯಿಗೆ ಮಾತ್ರ ಇರುವ ಕಷ್ಟವೊಂದಿದೆ. ಈ ಆಟಕ್ಕೆ ಬೇಕಾದದ್ದು ಮೌನ, ಮುಂಬಯಿಯಲ್ಲಿ ಸಿಗದೇ ಇರುವುದೂ ಅದೇ. ಆಜಾದ್ ಮೈದಾನದಂಥ ಕಡೆ ಒಂದೇ ಹೊತ್ತಿಗೆ ಹತ್ತಾರು ಪಂದ್ಯ ನಡೆಯುತ್ತಿರುತ್ತವೆ, ಪಕ್ಕದವನ ಪಾಯಿಂಟಿನಲ್ಲಿ ನಮ್ಮ ಫೈನ್ ಲೆಗ್. ಯಾರೋ ‘ಹೌಜ್ ದ್ಯಾಟ್’ ಅಂದರೆ ನಮ್ಮ ಚೆಂಡು ಕಳೆದುಹೋಯಿತು. ಹಾಗಾಗಿ ನಾವು ಉಪನಗರದ ಒಂದು ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ಬೇಗ ಸೇರುತ್ತೇವೆ, ಹಾರ್ನ್ ಶುರುವಾಗುವ ಮೊದಲು. ಗಾಳಿ ಇದ್ದರೂ ಕಷ್ಟ. ಒದ್ದೆ ಹುಲ್ಲಿನಲ್ಲಿ ಚೆಂಡು ನಿಂತುಬಿಡುತ್ತದೆ, ನಿಂತರೆ ಸದ್ದೂ ಇಲ್ಲ. ಮೂರು ಜನ ನೆಲ ತಡಕುತ್ತಾ ಹುಡುಕುವಷ್ಟರಲ್ಲಿ ಬ್ಯಾಟ್ಸ್‌ಮನ್ ಓಡುತ್ತಲೇ ಇರುತ್ತಾನೆ. ಅದಕ್ಕೇ ಫೀಲ್ಡರುಗಳು ಸದ್ದು ಬಂದ ಕೂಡಲೇ ಅಡ್ಡ ಬಿದ್ದು ಮೈಯಿಂದ ತಡೆಯುವುದು. ತೋಳು, ಸೊಂಟ, ಮೊಣಕಾಲು, ಎಲ್ಲ ಕಡೆ ಗಾಯ. ಪೂರ್ತಿ ತೋಳಿನ ಬನಿಯನ್, ಮೊಣಕಾಲಿಗೆ ಪ್ಯಾಡ್, ಗಾರ್ಡ್ ಇವು ಬೇಕೇ ಬೇಕು. ಬ್ಯಾಟ್ ಸಾಮಾನ್ಯದ್ದೇ ಆಗುತ್ತದೆ, ನನ್ನ ಹಳೆಯದನ್ನೇ ತೆಗೆದೆ. ಚೆಂಡು ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ, ತಂಡದಿಂದಲೇ ಸಿಗುವುದು. ಕೈಯಿಂದ ಜಾಸ್ತಿ ಹೋಗುವುದು ಸಾಮಾನಿಗಲ್ಲ, ಬಿಟ್ಟ ಕೆಲಸಕ್ಕೆ. ಹೋಟೆಲಿಗೆ ಭಾನುವಾರವೇ ಜನ. ಮಾವ ಮೊದಲು ಮುಖ ಸಿಂಡರಿಸಿದರು, ಈಗ ಬೆಳಿಗ್ಗೆ ಟೀಮಿಗೆ ಇಡ್ಲಿ ಪಾರ್ಸೆಲ್ ಅವರೇ ಕಟ್ಟಿಸುತ್ತಾರೆ. ಹಾಗೆ ನೋಡಿದರೆ ತಂಡದಲ್ಲಿ ನನ್ನ ಜಾಗ ಗಟ್ಟಿಯಾದದ್ದು ಆ ಇಡ್ಲಿಯಿಂದಲೇ ಇರಬಹುದು.

ಕನ್ನಡದವನು ಅಂತ ಗೊತ್ತಾದ ದಿನ ಎಲ್ಲರೂ ಕೇಳಿದ್ದು ಒಂದೇ, ಶೇಖರ್ ನಾಯಕ್ ಊರಿನವನಾ? ನನಗೆ ಆ ಹೆಸರು ಗೊತ್ತಿರಲಿಲ್ಲ, ಹೇಳಲು ನಾಚಿಕೆ. ಶಿವಮೊಗ್ಗದ ಕಡೆಯವರು, 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನೂ 2014ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ವಿಶ್ವಕಪ್ಪನ್ನೂ ಭಾರತ ಗೆದ್ದಾಗ ನಾಯಕರು, 2017ರಲ್ಲಿ ಪದ್ಮಶ್ರೀ. ಮುಂಬಯಿಯ ಮರಾಠಿ ಹುಡುಗರು ನನಗೆ ನನ್ನ ರಾಜ್ಯದವರ ಕಥೆ ಹೇಳಿದರು. 2025ರ ನವೆಂಬರಿನಲ್ಲಿ ಹೆಣ್ಣುಮಕ್ಕಳ ಮೊದಲ ಅಂಧರ ಟಿ20 ವಿಶ್ವಕಪ್ಪನ್ನು ಕೊಲಂಬೊದಲ್ಲಿ ಭಾರತ ಗೆದ್ದಿತು, ಫೈನಲಿನಲ್ಲಿ ನೇಪಾಳದ ವಿರುದ್ಧ. ಕ್ಯಾಪ್ಟನ್ ದೀಪಿಕಾ ಟಿ.ಸಿ. ಕೂಡ ಕರ್ನಾಟಕ ತಂಡಕ್ಕೆ ಆಡುವವರೇ. ದೇಶದ ಮಟ್ಟದಲ್ಲಿ ಈ ಆಟ ನಡೆಸುವ ಅಂಧರ ಕ್ರಿಕೆಟ್ ಸಂಸ್ಥೆ ಇರುವುದೂ ಬೆಂಗಳೂರಿನಲ್ಲಿ, ಅಂಗವಿಕಲರಿಗಾಗಿ ಕೆಲಸ ಮಾಡುವ ಸಮರ್ಥನಂ ಟ್ರಸ್ಟಿನ ಜೊತೆ. ರಾಜ್ಯ ತಂಡಗಳ ನಡುವೆ ನಾಗೇಶ್ ಟ್ರೋಫಿ ಆಗುತ್ತದೆ. ಎಲ್ಲಿ ಶುರು ಮಾಡಬೇಕು ಅಂತ ತಿಳಿಯದವರು ಅಲ್ಲಿಗೆ ಬರೆದರೆ ನಿಮ್ಮ ರಾಜ್ಯದಲ್ಲಿ ಯಾರನ್ನು ಕೇಳಬೇಕು ಅಂತ ಹೇಳುತ್ತಾರೆ, ರೈಲಿನಲ್ಲಿ ಜಗಳ ಆಗುವವರೆಗೆ ಕಾಯಬೇಕಾಗಿಲ್ಲ.

ಹೋದ ಭಾನುವಾರದ ಪಂದ್ಯದ ಬಗ್ಗೆ ಜಾಸ್ತಿ ಹೇಳಲು ಇಲ್ಲ. ದೊಡ್ಡ ಟೂರ್ನಿ ಏನಲ್ಲ, ಎರಡು ತಂಡ ಸೇರಿ ಆಡಿದ್ದು. ಆರನೆಯವನಾಗಿ ಇಳಿದೆ. ಆ ಕಡೆ ಬಿ1 ಬ್ಯಾಟ್ಸ್‌ಮನ್, ಅವನ ಪಕ್ಕ ರನ್ನರ್, ಹೀಗೆ ಕ್ರೀಸಿನಲ್ಲಿ ಜನವೋ ಜನ. ಎರಡು ಸ್ವೀಪ್ ಚೆನ್ನಾಗಿ ಹೋದವು. ಒಂದು ಬೌಂಡರಿ ಅಂತ ಅಂಪೈರ್ ಕೂಗಿದಾಗ ನಾನು ಇನ್ನೂ ಓಡುತ್ತಿದ್ದೆ. ಆಮೇಲೆ ಬಿಸಿಲು ಮೋಡದಿಂದ ಹೊರಗೆ ಬಂತು, ಕಣ್ಣು ಕೋರೈಸಿತು, ಹಳೆಯ ಚಾಳಿಯಂತೆ ತಲೆ ಎತ್ತಿ ಚೆಂಡು ಹುಡುಕಿದೆ. ಠಣ್. ನಮ್ಮ ತಂಡ ಸೋತಿತು, ಹತ್ತಿರಕ್ಕೆ ಬಂದು ಸೋತದ್ದು. ಆರ್‌ಪಿ ಇರುವವರು ಮೈದಾನಕ್ಕೆ ಅಗಲ ಅಂಚಿನ ಟೋಪಿ ತನ್ನಿ.

ಪಂದ್ಯ ಮುಗಿದ ಮೇಲೆ ಇಡ್ಲಿ ತಿನ್ನುತ್ತಾ ಮಾತು ಬಂತು. ವರ್ಗದ ತಪಾಸಣೆ ಮತ್ತೆ ಮಾಡಿಸಬೇಕಾಗಬಹುದು, ಆರ್‌ಪಿ ಒಂದೇ ಕಡೆ ನಿಲ್ಲುವುದಿಲ್ಲವಲ್ಲ. ನಾನು ಸುಮ್ನೆ ಹೇಳಿದೆ, ಬಿ1 ಆದರೆ ಒಳ್ಳೆಯದೇ, ನನ್ನ ಒಂದು ರನ್ನಿಗೆ ಎರಡು. ಕರೆದುಕೊಂಡು ಹೋಗಲು ಬಂದಿದ್ದ ಹೆಂಡತಿಗೆ ಆ ಜೋಕ್ ಹಿಡಿಸಲಿಲ್ಲ, ಸುಮ್ಮನಾದಳು. ಕೀಪರ್ ಮಾತ್ರ ಚಟ್ನಿ ಕೇಳುತ್ತಾ ಅಂದ, ‘ಆಗ ನಿನಗೂ ರನ್ನರ್ ಬೇಕಾಗುತ್ತದೆ, ನನ್ನನ್ನು ನಂಬಬೇಡ, ನನಗೆ ಮೊಣಕಾಲು ನೋವು. ಈಗಲೇ ಬೇರೆ ಯಾರನ್ನಾದರೂ ಹುಡುಕಿಟ್ಟುಕೋ.’